ಒತ್ತದೆ ಬಿಟ್ಟ ಹದಿನಾಲ್ಕು ಎಸೆತ

ನಿನ್ನ ಮೊಣಕೈ ಹಾಳು ಮಾಡಿದವನು ನಾನು, ಚಂದನಾ. ನಿನ್ನ ಮೈಯ ದೋಷವಲ್ಲ — ನಿನ್ನ ಅಪ್ಪ.

ಡ್ಯಾನ್‌ವಿಲ್‌ನ ಆ ಬೇಸ್‌ಬಾಲ್ ಆಟ ನಿನಗೆ ನೆನಪಿದೆಯೋ ಇಲ್ಲವೋ. ನಿನಗೆ ಹನ್ನೆರಡು ವರ್ಷ, ತಂಡಕ್ಕೆ ಒಬ್ಬಳೇ ಹುಡುಗಿ. ಮೊಣಕೈ ಕೆಡುತ್ತದೆಂದು, ಆ ವಯಸ್ಸಿನ ಪಿಚರ್ ಒಂದು ದಿನಕ್ಕೆ ಎಂಬತ್ತೈದಕ್ಕಿಂತ ಹೆಚ್ಚು ಚೆಂಡು ಎಸೆಯುವಂತಿರಲಿಲ್ಲ. ಎಣಿಸುವುದು ಅಪ್ಪ ಅಮ್ಮಂದಿರ ಸರದಿ. ಅಂದು ಎಣಿಸುವ ಕ್ಲಿಕ್ಕರು ನನ್ನ ಕೈಯಲ್ಲಿತ್ತು. ಎಸೆತಕ್ಕೊಂದು ಸಲ ಒತ್ತುವುದು, ಅಷ್ಟೇ ಕೆಲಸ. ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಅಪ್ಪ, ಹುಡುಗಿಗೆ ಇಷ್ಟು ಸಾಕು ಎಂದು ನಕ್ಕಿದ್ದ — ಅವನಿಗೆ ತೋರಿಸಿಕೊಡಬೇಕು ಅನ್ನಿಸಿತ್ತು ನನಗೆ. ಮಂಡ್ಯದ ಮೈದಾನದಲ್ಲಿ ದಿನವಿಡೀ ಬೌಲಿಂಗ್ ಮಾಡಿ ಬೆಳೆದು ಅಮೆರಿಕಕ್ಕೆ ಬಂದವನು ನಾನು. ಎಸೆತಕ್ಕೂ ಮಿತಿಯೇ ಎಂಬ ಉಡಾಫೆ ಬೇರೆ. ಹೆಬ್ಬೆರಳು ಒಮ್ಮೆ ಸುಮ್ಮನಾಯಿತು. ಆಮೇಲೆ ಮತ್ತೆ ಮತ್ತೆ — ಒಟ್ಟು ಹದಿನಾಲ್ಕು ಸಲ. ಮರೆತದ್ದಲ್ಲ. ಒಂದೊಂದನ್ನೂ ಮನಸ್ಸಿನಲ್ಲಿ ಎಣಿಸಿದ್ದೇನೆ.

ಕೊನೆಯ ಇನಿಂಗ್ಸಿಗೆ ಮುಂಚೆ ನೀನು ಬಂದು, "ಅಪ್ಪಾ, ಮೈ ಎಲ್ಬೋ ಹರ್ಟ್ಸ್" ಅಂದೆ.

"ಇನ್ನು ಮೂರೇ ಔಟು ಕಣವ್ವ, ತಡ್ಕೊ."

ಎಷ್ಟಾಯಿತು ಎಂದು ಕೋಚು ಕೇಳಿದರು. ಎಪ್ಪತ್ತು ಅಂದೆ. ನಿಜವಾಗಿ ಎಂಬತ್ನಾಲ್ಕು ಆಗಿತ್ತು. ನೀನು ಮತ್ತೆ ಎಸೆದೆ, ಗೆದ್ದೆ. ಒಂದು ತಿಂಗಳು ಆ ಕೈಯಲ್ಲಿ ತಲೆ ಬಾಚಿಕೊಳ್ಳಲಿಲ್ಲ.

ವರ್ಷಗಳಾದ ಮೇಲೆ, ಹೆಂಗಸರಿಗೂ ಸಂಬಳ ಕೊಟ್ಟು ಬೇಸ್‌ಬಾಲ್ ಆಡಿಸುವ ಲೀಗು ಶುರುವಾದ ಮೊದಲ ವರ್ಷವೇ ನಿನ್ನನ್ನು ಆರಿಸಿದರು. ಮನೆಯಲ್ಲಿ ಹೋಳಿಗೆ ಊಟ. ಮೂರನೆಯ ಪಂದ್ಯದಲ್ಲಿ ನೀನು ಮೊಣಕೈ ಹಿಡಿದು ಕೂತೆ; ಅಲ್ಲಿಗೆ ಮುಗಿಯಿತು. ಮೂಳೆ ಹಿಡಿದಿಡುವ ಲಿಗಮೆಂಟು ಚಿಕ್ಕಂದಿನಲ್ಲೇ ಹರಿದಿರಬೇಕು ಅಂದರು ಡಾಕ್ಟರು. ನೀನು ನನ್ನ ಕಡೆ ತಿರುಗಿ, "ನನ್ ಕೈನೇ ವೀಕು ಅಪ್ಪಾ. ಸಾರಿ" ಅಂದೆ. ಸಾರಿ — ನೀನು, ನನಗೆ. ನಾನು ಕಾರಿನ ಕೀಲಿ ಹುಡುಕುವವನಂತೆ ಜೇಬು ತಡಕಿದೆ.

ಈಗ ನೆವಾರ್ಕಿನಲ್ಲಿ ಪುಟ್ಟ ಹುಡುಗಿಯರಿಗೆ ಬೇಸ್‌ಬಾಲ್ ಕಲಿಸುತ್ತೀಯೆ. "ಶನಿವಾರ ಕೌಂಟಿಂಗ್ ನೀನೇ ಮಾಡು ಅಪ್ಪಾ, ಐ ಟ್ರಸ್ಟ್ ಯೂ" ಎಂದು ಕ್ಲಿಕ್ಕರು ಕೊಟ್ಟು ಹೋದೆ. ಮೂರು ದಿನದಿಂದ ಅದು ಊಟದ ಮೇಜಿನ ಮೇಲಿದೆ. ಎತ್ತಿಡಲಾರೆ, ಮುಟ್ಟಲಾರೆ — ಸುಮ್ಮನೆ ಅದರ ಸುತ್ತ ಓಡಾಡುತ್ತಿದ್ದೇನೆ.

ನಿನಗೆ ಕನ್ನಡ ಓದಲು ಬರುವುದಿಲ್ಲ. ಆ ಧೈರ್ಯದ ಮೇಲೇ ಇಷ್ಟು ಬರೆದೆನೇನೋ — ಇಲ್ಲ, ತಪ್ಪಿಸಿಕೊಳ್ಳುವ ಆ ದಾರಿಯೂ ಬೇಡ. ಶನಿವಾರ ಆಟಕ್ಕೆ ಮುಂಚೆ ನಿನ್ನೆದುರು ಕೂತು ನಾನೇ ಓದುತ್ತೇನೆ. ಕೇಳಿದರೆ ನಿನಗೆ ಎಲ್ಲ ಅರ್ಥವಾಗುತ್ತದೆ. ಓದಿ ಮುಗಿಸಿ ಕ್ಲಿಕ್ಕರನ್ನು ನಿನ್ನ ಕೈಗಿಡುತ್ತೇನೆ. ವಾಪಸು ಕೊಡು ಎಂದು ಕೇಳುವುದಿಲ್ಲ.