ಮಲಗಿದ ಮೊಟ್ಟೆಗಳು

ಬೆಳಿಗ್ಗೆಯಿಂದ ನನ್ನ ಕಿವಿಯ ಓಲೆಯೊಂದು ಕಾಣುತ್ತಿಲ್ಲ. ಹುಡುಕುತ್ತ ಮಂಚದಡಿಯ ಹಳೆಯ ಬಿದಿರು ತಟ್ಟೆ ಎಳೆದರೆ ಗಪ್ಪೆಂದು ರೇಷ್ಮೆಹುಳದ ವಾಸನೆ! ಅಷ್ಟರಲ್ಲಾಗಲೇ ನನ್ನ ಕಣ್ಣು ಹೊಸ ಸೊಸೆಯ ಪೆಟ್ಟಿಗೆಯ ಕಡೆ ಹೋಗಿ ಬಂದಿತ್ತು. ನನ್ನನ್ನು ಬಯ್ಯಬೇಡಿ. ಮೂಗು ಅಪ್ಪನದು, ಬಣ್ಣ ಅವ್ವನದು, ಅನುಮಾನ ಮಾತ್ರ ಅಪ್ಪಟ ಅಜ್ಜಿಯದು. ಅಂಗಡಿಯವನ ಸೇರಿನ ಬುಡವನ್ನೂ ತಟ್ಟಿ ನೋಡುತ್ತಿದ್ದ ಹೆಂಗಸು ಅವಳು.

ನಾನು ಚಿಕ್ಕವಳಿದ್ದಾಗ ನಮ್ಮ ಕೊಳ್ಳೇಗಾಲ ಮದ್ರಾಸಿನ ಸೀಮೆ, ಪಕ್ಕದ ಯಳಂದೂರು ಮೈಸೂರಿನದು. ಗಡಿಯಾಚೆಯಿಂದ ಬಂದದ್ದೆಲ್ಲ ಅಜ್ಜಿಗೆ ಸಂಶಯದ ಸರಕೇ, ಸೊಸೆಯೂ ಸೇರಿ. ಚಿಕ್ಕಪ್ಪನ ಹೆಂಡತಿ ಕೆಂಪಮ್ಮ, ನನ್ನ ಚಿಕ್ಕವ್ವ, ಗಡಿಯಾಚೆಯ ಬಿಳಿಗಿರಿರಂಗನ ಬೆಟ್ಟದ ಮೇಲಿನವಳು.

ಮನೆಯಲ್ಲಿ ರೇಷ್ಮೆಹುಳ ಸಾಕುತ್ತಿದ್ದೆವು. ಒಂದು ವರ್ಷ ಹುಳದ ಮೊಟ್ಟೆ ಮಾರುವ ಸಿದ್ದಪ್ಪ ನಮ್ಮ ನಾಡಹುಳಕ್ಕೂ ಜಪಾನಿನ ಹುಳಕ್ಕೂ ಸಂಬಂಧ ಬೆಳೆಸಿದ್ದ. ಅವನು ಕೊಟ್ಟ ಮೊದಲ ಕಾಗದದ ಹಾಳೆಗೆ ಅಂಟಿದ್ದ ಮೊಟ್ಟೆಗಳು ಹತ್ತೇ ದಿನಕ್ಕೆ ಮರಿಯಾಗಿ ಒಳ್ಳೆಯ ಗೂಡು ಕೊಟ್ಟವು. ಎರಡನೆಯ ಹಾಳೆಯವೂ ಅದೇ ಎರಡು ಜಾತಿಯವು. ಆದರೆ ಕಪ್ಪಿಟ್ಟುಕೊಂಡು ಹಾಗೇ ಕೂತವು, ಒಂದೂ ಮರಿಯಾಗಲಿಲ್ಲ.

"ಮೊಟ್ಟೇದೇನ್ಲಾ ತಪ್ಪು? ಅದೇ ಜಾತಿ ಓದ್ ಸಲ ಮರಿ ಆಗ್ನಿಲ್ವಾ? ನಿನ್ನೆಡ್ತಿ ಮುಟ್ಟಾಗಿದ್ದಾಗ ಉಳದ ಮನೆ ಒಕ್ಕವಳೆ ಕಣ್ಲಾ!" ಎಂದು ಅಜ್ಜಿ ಚಿಕ್ಕಪ್ಪನ ಮೇಲೆ ಹರಿಹಾಯ್ದಳು.

"ನಾ ಒಳೀಕೇ ಓಗ್ನಿಲ್ಲ ಕಣತ್ತೆ," ಎಂದಳು ಚಿಕ್ಕವ್ವ.

ಯಾರು ಕೇಳುತ್ತಾರೆ? ದೀಪಾವಳಿ ಮುಗಿದದ್ದೇ ಚಿಕ್ಕಪ್ಪ ಅವಳನ್ನು ತವರಿಗೆ ಬಿಟ್ಟು ಬಂದ. ಹೊರಡುವಾಗ ಅವಳು ತಿಪ್ಪೆಗೆ ಬಿದ್ದಿದ್ದ ಆ ಹಾಳೆಯನ್ನು ಒರೆಸಿ, ಸೀರೆಯ ಗಂಟಿನೊಳಗೆ ಇಟ್ಟುಕೊಂಡಳು. ನನಗೆ ಅಳು ಬಂತು, ಅಜ್ಜಿಗೆ ಹೆದರಿ ನುಂಗಿಕೊಂಡೆ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಯಿತು. ಒಂದು ದಿನ ಚಿಕ್ಕವ್ವನ ಅಣ್ಣ ಹಾಳೆ ಹಿಡಿದು ಬೆಟ್ಟ ಇಳಿದು ಬಂದ. ಅದರ ಮೇಲೆ ಇರುವೆಯಂಥ ಕಪ್ಪು ಮರಿಗಳು ಹರಿದಾಡುತ್ತಿದ್ದವು! ಬೇರೆ ಹಾಳೆ ತಂದಿದ್ದಾನೆಂದು ಅಜ್ಜಿ ಹಟ ಹಿಡಿದಳು. ಸಿದ್ದಪ್ಪನನ್ನೇ ಕರೆಸಿದ್ದಾಯಿತು.

ಅವನು ತಲೆ ಕೆರೆದುಕೊಂಡ. "ನಂದೇ ಆಳೆ ಕಣವ್ವ. ಮೊದ್ಲಿನವುಕ್ಕೆ ನಮ್ ಉಳ ತಾಯಿ, ಜಪಾನಿಂದು ತಂದೆ. ಇವುಕ್ಕೆ ಜಪಾನಿಂದೇ ತಾಯಿ. ಬೇಗ ಮರಿ ಆಗೋದು, ಇಲ್ಲಾ ಚಳಿ ಕಳಿಯೋಗಂಟ ಮಲಗೋದು, ಎಲ್ಲಾ ತಾಯಿ ಕಡೆಯಿಂದ ಬತ್ತದಂತೆ. ಯಾರು ಮುಟ್ಟಿದ್ರೂ ಅಷ್ಟೆ, ಮುಟ್ಟದಿದ್ರೂ ಅಷ್ಟೆ. ನಂಗೂ ರೇಷ್ಮೆ ಇಲಾಖೆಯೋರು ಅಂದ್ಮೇಲೇ ಗೊತ್ತಾಗಿದ್ದು."

ಅಜ್ಜಿ ಹಾಳೆಯನ್ನು ತಾನೇ ಎತ್ತಿ ಬಿದಿರು ತಟ್ಟೆಯಲ್ಲಿಟ್ಟಳು. ಆಮೇಲೆ, "ಓಗಿ ಕರ್ಕಂಬಾ ಓಗ್ಲಾ," ಎಂದಳು.

ಚಿಕ್ಕಪ್ಪನ ಜೊತೆ ನಾನೂ ಹೋದೆ. ಚಿಕ್ಕವ್ವ ನನ್ನ ತಲೆ ಸವರಿದಳು, ನೀರು ಕೊಟ್ಟಳು. ಆಮೇಲೆ ಗಂಡನನ್ನು ಕೇಳಿದಳು: "ಮರಿ ಆದ್ವು ಅಂತ ಕರಿಯಾಕ್ ಬಂದ್ರಿ. ಆಗ್ದೇ ಓಗಿದ್ರೆ?"

ಚಿಕ್ಕಪ್ಪ ಅವಳ ಗಂಟು ಎತ್ತಿಕೊಂಡ. ಅವಳು ನಮ್ಮ ಜೊತೆ ಬಂದಳು, ನಿಜ. ಆದರೆ ಹುಳದ ಮನೆಯ ಹೊಸ್ತಿಲನ್ನು ಸಾಯುವತನಕ ತುಳಿಯಲಿಲ್ಲ, ಅಜ್ಜಿಯೇ ಕರೆದರೂ.

ತಟ್ಟೆಯನ್ನು ಮಂಚದಡಿಗೆ ತಳ್ಳಿ ಎದ್ದೆ. ನನ್ನ ಸೊಸೆ ಬಾಗಿಲಲ್ಲಿ ನಿಂತು ತನ್ನ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ನನ್ನ ಕಣ್ಣು ಎಲ್ಲಿಗೆ ಹೋಗಿತ್ತೆಂದು ಅವಳಿಗೆ ಗೊತ್ತು.

"ನೀನಲ್ಲ ಕಣವ್ವ," ಎಂದೆ.

ಓಲೆ ಇನ್ನೂ ಸಿಕ್ಕಿಲ್ಲ.