ಮಾವ ಆರಿಸಿಕೊಟ್ಟ ಜಪಾನಿ ಪೆನ್ನು

ನಿಜಾಮನ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಕಾರ್ಯಾಚರಣೆಗೆ ಮುಂಚಿನ ಗಲಭೆಯಲ್ಲಿ ಔರಾದಿಗೆಂದು ಹೊರಟ ನನ್ನ ಗಂಡ ಮರಳಿ ಬರಲಿಲ್ಲ. ಹೆಣವೂ ಸಿಗಲಿಲ್ಲ. ಮರುವರ್ಷ ಭಾಲ್ಕಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಾಗ, ಒಳ್ಳೆಯ ಪೆನ್ನು ಕೊಡಿಸಲು ಮಾವ ನನ್ನನ್ನು ಬೀದರಿಗೆ ಕರೆದೊಯ್ದರು. ತಹಸೀಲು ಕಚೇರಿಯಲ್ಲಿ ಬರೆದು ಬರೆದೇ ಹಣ್ಣಾದವರು ಅವರು. ಮಗನ ಮಾತನ್ನು ಮಾತ್ರ ಮನೆಯಲ್ಲಿ ಎಂದೂ ಎತ್ತುತ್ತಿರಲಿಲ್ಲ.

ಅಂಗಡಿಯವನು ಜಪಾನಿನ ಪೆನ್ನೊಂದನ್ನು ತೋರಿಸಿದ. ತೀರಾ ತುಟ್ಟಿಯದಲ್ಲ, ಅಗ್ಗದ್ದೂ ಅಲ್ಲ. ಮಾವ ನಿಬ್ಬನ್ನು ಬೆಳಕಿಗೆ ಹಿಡಿದು, ಅದರ ಸೀಳಿದ ತುದಿಗಳೆರಡೂ ಸಮವಾಗಿವೆಯೇ ಎಂದು ನೋಡಿದರು. ಮುಚ್ಚಳ ಸಡಿಲವಿದೆಯೇ ಎಂದು ತಿರುಗಿಸಿದರು. ಆಮೇಲೆ ಶಾಯಿಯಲ್ಲಿ ಅದ್ದಿದರು.

"ಏನಾರ ಬರದು ನೋಡ್ರಿ ಸಾಹೇಬ್ರ," ಎಂದು ಅಂಗಡಿಯವನು ಕಾಗದ ಮುಂದಿಟ್ಟ.

ಮಾವ ಬರೆದರು. ನಿಬ್ಬು ಎಲ್ಲೂ ಕೆರೆಯಲಿಲ್ಲ, ಶಾಯಿ ಎಲ್ಲೂ ಹರಡಲಿಲ್ಲ. ಬಗ್ಗಿ ನೋಡಿದೆ. ಅವರು ಬರೆದಿದ್ದು ನನ್ನ ಗಂಡನ ಹೆಸರು.

"ಛಲೋ ಅದವ್ವಾ, ಇದೇ ತಗೋ," ಎಂದರು.

ಅಂಗಡಿಯವನು ಕಾಗದ ಮುದುಡಲು ಹೋದಾಗ ಅವರು ಅವನ ಕೈ ಹಿಡಿದುಕೊಂಡರು. "ಬ್ಯಾಡ್ರಿ. ಅದು ನನ್ನ ಮಗನ ಹೆಸರು ಅದ."

ಭಾಲ್ಕಿಯ ಬಸ್ಸಿನಲ್ಲಿ ಆ ಕಾಗದವನ್ನು ಎದೆಗೊತ್ತಿಕೊಂಡು, ಜನರ ನಡುವೆಯೇ ಬಿಕ್ಕಿ ಬಿಕ್ಕಿ ಅತ್ತರು. ಅಲ್ಲಿಯವರೆಗೂ ಅವರೆದುರು ಕಣ್ಣೀರು ನುಂಗುತ್ತಿದ್ದ ನನಗೂ ಅಂದು ತಡೆಯಲಾಗಲಿಲ್ಲ.