ತಗಡಿನಾಚೆಯ ಬಂಗುಡೆ

ಕಾಪುವಿನ ಒಂದು ಮನೆಯ ಮುಂಜಗಲಿಗೆ, ಅಂದರೆ ಸಿಟೌಟ್‌ಗೆ, ಪರದೆಯ ಬದಲು ಹೂಬಳ್ಳಿಯ ಆಕಾರದಲ್ಲಿ ತೂತು ಕೊರೆದ ಅಲ್ಯುಮಿನಿಯಂ ತಗಡು ಕೂರಿಸಿದ್ದೆ. ನಾನೇ ಬಿಡಿಸಿದ ಮೊದಲ ಹೂಬಳ್ಳಿ ಅದು, ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮನೆಯ ಹಿರಿಯರಾದ ಬಾಯಮ್ಮ ಮಾತ್ರ ಹುಬ್ಬು ಗಂಟಿಕ್ಕಿ, "ಎಂತ ಇದು? ನನಗೆ ರಸ್ತೆ ಕಾಣದಿದ್ದರೆ ನಾಳೆಯೇ ತೆಗೆಸ್ತೇನೆ" ಎಂದರು.

"ಹಗಲು ಹೊತ್ತು ನಿಮಗೆ ಹೊರಗಿನದೆಲ್ಲ ಕಾಣ್ತದೆ ಬಾಯಮ್ಮ, ಹೊರಗಿನವರಿಗೆ ನೀವು ಕಾಣುವುದಿಲ್ಲ" ಎಂದು ಅವರನ್ನು ಒಳಗೆ ಕೂರಿಸಿ, ನಾನು ಅಂಗಳಕ್ಕಿಳಿದು ನಿಂತೆ.

ಅಷ್ಟರಲ್ಲಿ ಮೀನಿನವನ ಸ್ಕೂಟರ್ ಬಂತು. ಅವನು ಪೆಟ್ಟಿಗೆಯನ್ನು ಮೆಟ್ಟಿಲ ಬಳಿಯೇ ತೆರೆದಿಟ್ಟ. ಒಳಗೆ ಯಾರೂ ಕಾಣದ್ದರಿಂದ ನನಗೇ ಹೇಳಿದ: "ಬಂಗುಡೆ ಉಂಟು ಮೇಡಂ, ಈಗಷ್ಟೇ ದೋಣಿಯಿಂದ ಇಳಿದದ್ದು."

"ಕಣ್ಣು ಕೆಂಪಾಗಿದೆ. ನಿನ್ನೆಯದು ಮಾರಾಯ" ಎಂದಿತು ಹೂಬಳ್ಳಿ.

ಅವನು ಬೆಚ್ಚಿಬಿದ್ದು ತಗಡನ್ನೇ ದಿಟ್ಟಿಸಿದ. ಒಳಗಿಂದ ಬಾಯಮ್ಮನ ನಗು ಕೇಳಿಸಿತು. ತಗಡು ಉಳಿಯಿತು! ನನಗೆ ಅಂಗಳದಲ್ಲೇ ಕುಣಿಯಬೇಕೆನಿಸಿತು.

ಮೀನಿನವನು ಪೆಟ್ಟಿಗೆ ಮುಚ್ಚಿ, ನನ್ನ ಹತ್ತಿರ ಬಂದು ಪಿಸುಗುಟ್ಟಿದ: "ಮೇಡಂ, ಇಂಥದ್ದೇ ಒಂದು ನನ್ನ ಪೆಟ್ಟಿಗೆಯ ಮುಚ್ಚಳಕ್ಕೂ ಮಾಡಿಕೊಡಬಹುದಾ? ಮೀನಿನ ಕಣ್ಣು ಹೊರಗಿನವರಿಗೆ ಕಾಣಬಾರದು."

ಆ ತೂತುಗಳಲ್ಲಿ ಪಿಸುಮಾತೂ ನುಸುಳುತ್ತದೆಂದು ನಾನು ಅವನಿಗೆ ಹೇಳಲಿಲ್ಲ.